ಓಕಿಗೆ ಕೋಲು ಬೇಡವೆಂದ ಮೇಷ್ಟ್ರು

ಅವರ ಬಲಗೈ ಬೆರಳುಗಳಲ್ಲಿ ಸದಾ ಸೀಮೆಸುಣ್ಣ, ಎಡಗೈ ಉಗುರುಗಳಲ್ಲಿ ಸದಾ ಮಣ್ಣು. ಬೋರ್ಡಿನ ಮೇಲೆ ಬೇರಿನ ಚಿತ್ರ ಬರೆಯುವಾಗ ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಳ್ಳುತ್ತಿದ್ದರು, ನಮಗೆ ಕಾಣಬಾರದೆಂದು. ಕಾಣುತ್ತಿತ್ತು. ಹರಿಹರದಲ್ಲಿ ಹೊಳೆಯ ಹತ್ತಿರ ಅವರ ಮನೆ. ಬೆಳಿಗ್ಗೆ ಹಿತ್ತಿಲ ಕೆಲಸ ಮುಗಿಸಿ, ಕೈಯನ್ನು ಅರ್ಧಂಬರ್ಧ ತೊಳೆದು, ಓಡಿಬಂದು ರೈಲು ಹತ್ತುತ್ತಿದ್ದ ಮನುಷ್ಯ. ದಾವಣಗೆರೆ ನಿಟ್ಟುವಳ್ಳಿಯ ನಮ್ಮ ಹೈಸ್ಕೂಲಿನಲ್ಲಿ ವಿಜ್ಞಾನ, ಗಣಿತ ಎರಡನ್ನೂ ಕಲಿಸುತ್ತಿದ್ದ ಮೇಷ್ಟ್ರು. ನಾನು ಕಂಡ ಮೇಷ್ಟ್ರುಗಳಲ್ಲಿ ಅವರಷ್ಟು ಒಳ್ಳೆಯವರಿಲ್ಲ. ನನ್ನ ಓದು ಕೆಟ್ಟದ್ದೂ ಅವರಿಂದಲೇ. ಎರಡನ್ನೂ ಹೇಳದೆ ಅವರ ಬಗ್ಗೆ ಬರೆಯಲು ನನಗೆ ಬರುವುದಿಲ್ಲ.

ತೊಂಬತ್ತೇಳರಲ್ಲಿ ನಾನು ಹತ್ತನೆಯ ತರಗತಿ. ಪಾಠದ ಕೊನೆಯಲ್ಲಿ ಒಂದು ಪ್ರಶ್ನೆಯಿತ್ತು: ಓಕ್ ಮರ ಮತ್ತು ಹಬ್ಬುವ ಅವರೆ ಬಳ್ಳಿ, ಇವುಗಳ ಬೆಳವಣಿಗೆಗೆ ಏನೇನು ಬೇಕು, ಹೋಲಿಸಿ ಬರೆಯಿರಿ. ದಾವಣಗೆರೆಯಲ್ಲಿ ಓಕ್ ಕಂಡವರು ಯಾರು? ಬೇರೆಯವರಾಗಿದ್ದರೆ ಉತ್ತರ ಬರೆಸಿ ಮುಂದೆ ಹೋಗುತ್ತಿದ್ದರು. ಇವರು ಮಿಲಿಟರಿಯಲ್ಲಿದ್ದ ತಮ್ಮ ಅಣ್ಣನಿಗೆ ಕಾಗದ ಬರೆದರು. ದಸರೆಗೆ ಊರಿಗೆ ಬಂದ ಅಣ್ಣ ಉತ್ತರದ ಬೆಟ್ಟಗಳಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿ ನಾಲ್ಕು ಬೀಜ ತಂದುಕೊಟ್ಟರು. ಅಡಿಕೆಗಿಂತ ಚಿಕ್ಕವು, ಒಂದೊಂದಕ್ಕೂ ತಲೆಯ ಮೇಲೊಂದು ಟೋಪಿ. ಶಾಲೆಯ ಹಿಂದೆ ಅವನ್ನೂ ಅವರೆ ಬೀಜವನ್ನೂ ಒಂದೇ ದಿನ ಊರಿದೆವು.

ಅವರೆ ವಾರದೊಳಗೆ ಮೇಲೆದ್ದಿತು. ಇನ್ನೆರಡು ವಾರಕ್ಕೆ ಅದರ ಕುಡಿ ಹಿಡಿದುಕೊಳ್ಳಲು ಏನಾದರೂ ಸಿಕ್ಕೀತೇ ಎಂದು ಗಾಳಿಯಲ್ಲಿ ತೂಗಾಡತೊಡಗಿತು. ಮೇಷ್ಟ್ರು ಕೋಲು ನೆಟ್ಟು ಹಂದರ ಹಾಕಿಸಿದರು. ಓಕ್ ಊರಿದ ಜಾಗದಲ್ಲಿ ಬರೀ ಮಣ್ಣು. ಬೀಜ ಕೊಳೆತಿರಬೇಕೆಂದು ಒಬ್ಬಳು ಕೆದಕಲು ಹೋದಾಗ ಮೇಷ್ಟ್ರು ದೂರದಿಂದಲೇ ಕೂಗಿದರು.

"ಏ, ಮುಟ್ಟಬ್ಯಾಡ! ಅದು ಮೊದ್ಲು ಕೆಳಕ್ಕೆ ಬೆಳಿತೈತೆ. ಬೇರು ಬಿಟ್ಟ ಮ್ಯಾಲೆ ಮುಖ ತೋರಿಸ್ತೈತೆ."

ಒಂದೂವರೆ ತಿಂಗಳಾದ ಮೇಲೆ ನಾಲ್ಕರಲ್ಲಿ ಒಂದು ಮುಖ ತೋರಿಸಿತು. ಅವತ್ತು ಮೇಷ್ಟ್ರು ಬೋರ್ಡಿನ ಮೇಲೆ ಎರಡು ಪಟ್ಟಿ ಬರೆದರು. ಅವರೆಗೆ ಆಸರೆ, ತಪ್ಪದೆ ನೀರು, ಕೆಲವೇ ತಿಂಗಳ ಬಾಳು. ಓಕಿಗೆ ಆಳವಾದ ಮಣ್ಣು, ಸುತ್ತ ಜಾಗ, ಮನುಷ್ಯರು ಕಾಯಲಾರದಷ್ಟು ವರ್ಷ. ಕೋಲು ಬೇಡ, ಹಂದರ ಬೇಡ. ಕೊನೆಗೆ ಒಂದು ಮಾತು ಸೇರಿಸಿದರು: ಮೊದಲ ಮೂರು ಬೇಸಿಗೆ ಮಾತ್ರ ಅದಕ್ಕೂ ನೀರು ಬೇಕು, ಬೇಲಿ ಬೇಕು.

ಆ ಕೊನೆಯ ಮಾತನ್ನು ನಾನು ಇವತ್ತಿಗೂ ಮರೆತಿಲ್ಲ. ಅವರು ಮರೆತರು.

ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಹಿಂದೆ ಬಿದ್ದ ಹದಿನೆಂಟು ಮಕ್ಕಳನ್ನು ಆರಿಸಿ, ಶಾಲೆ ಬಿಟ್ಟ ಮೇಲೆ ಆರು ಗಂಟೆಯವರೆಗೆ ಜಗಲಿಯಲ್ಲಿ ಕೂರಿಸಿಕೊಂಡು ಪಾಠ ಶುರು ಮಾಡಿದರು. ಪುಕ್ಕಟೆ ಪಾಠ. ಅದಕ್ಕೆ ಹಂದರದ ಕ್ಲಾಸು ಎಂದು ಅವರೇ ಹೆಸರಿಟ್ಟರು. ಅಷ್ಟೇ ಅಲ್ಲ, ಆ ಮಕ್ಕಳ ಮನೆಮನೆಗೆ ಹೋಗಿ ಅಪ್ಪ ಅಮ್ಮಂದಿರಿಗೆ ಹೇಳಿಬಂದರು: "ಪರೀಕ್ಷೆ ಮುಗಿಯೋತನಕ ಈ ಹುಡುಗಿಗೆ ಕೆಲ್ಸ ಹಚ್ಚಬ್ಯಾಡ್ರಿ. ಅಲ್ಲಿತನಕ ಇವಳು ನಮ್ಮ ಮನಿ ಮಗಳು." ಮೇಷ್ಟ್ರೇ ಹೊಸ್ತಿಲಲ್ಲಿ ನಿಂತು ಹೇಳಿದರೆ ಆಗುವುದಿಲ್ಲ ಎನ್ನುವವರು ಯಾರು?

ನಾನು ತರಗತಿಗೆ ಮೊದಲಿಗಳು. ಆದರೂ ಎದ್ದು ನಿಂತು ಕೇಳಿದೆ, "ಸರ್, ನಾನೂ ಬರ್ಲೇನ್ರಿ?"

ಅವರು ನಕ್ಕರು. "ನೀ ಯಾಕ ಬರ್ತೀಯವ್ವಾ? ನೀನು ಓಕ್. ಓಕಿಗೆ ಯಾರಾರ ಕೋಲು ಕೊಡ್ತಾರೇನು?"

ಎಲ್ಲರೂ ನನ್ನತ್ತ ತಿರುಗಿ ನೋಡಿದರು. ನಾನು ಹಿಗ್ಗಿಹೋದೆ. ಎಂಥ ಪೆದ್ದಿ ನಾನು!

ನಾನು ಕೇಳಿದ್ದು ಪಾಠಕ್ಕಲ್ಲ, ಆ ಒಂದೂವರೆ ಗಂಟೆಯ ಬಿಡುವಿಗೆ. ಅಪ್ಪ ಊರಂಚಿನ ಕರೂರಿನ ಒಂದು ಕಾರ್ಖಾನೆಯಲ್ಲಿ ಪಾಳಿಯ ಕೆಲಸಗಾರ. ಅವ್ವ ಶಾಲೆಯಿಂದ ಎರಡು ಬೀದಿ ಆಚೆಯ ಮಂಡಕ್ಕಿ ಭಟ್ಟಿಯಲ್ಲಿ ಕಾದ ಮರಳಿಗೆ ಅಕ್ಕಿ ಸುರಿದು ಹುರಿಯುತ್ತಿದ್ದಳು. ಜೊತೆಗೆ ಜರಡಿ ಹಿಡಿಯಲು ಒಬ್ಬರು ಬೇಕು. "ನಿನಗೇನು ಕ್ಲಾಸ್ ಇಲ್ಲಲ್ಲ, ಬಾ" ಎಂದಳು. ಅವಳದು ತಪ್ಪೆನ್ನಲಾರೆ. ಕ್ಲಾಸಿದ್ದ ಹುಡುಗಿಯರನ್ನು ಅವರವರ ಅವ್ವಂದಿರು ಬಿಟ್ಟಿದ್ದರು. ನನ್ನನ್ನು ಬಿಡಿ ಎಂದು ಹೇಳುವವರು ಬಂದಿರಲಿಲ್ಲ. ಮೊದಮೊದಲು ಸಂಜೆ ಮಾತ್ರ ಹೋಗುತ್ತಿದ್ದೆ. ಸಂಕ್ರಾಂತಿ ಕಳೆದ ಮೇಲೆ ವಾರಕ್ಕೆರಡು ದಿನ ಶಾಲೆಯೂ ತಪ್ಪಿತು. ಹೊಗೆಗೆ ಕಣ್ಣು ಉರಿದು, ಮನೆಗೆ ಬಂದು ಪುಸ್ತಕ ಬಿಚ್ಚಿದರೆ ಅಕ್ಷರ ಕಲಸಿಕೊಳ್ಳುತ್ತಿದ್ದವು. ಹಾಜರಿಯಲ್ಲಿ ನನ್ನ ಹೆಸರಿಗೆ ಉತ್ತರ ಬಾರದಿದ್ದರೆ ಮೇಷ್ಟ್ರು "ಅವಳು ಮನ್ಯಾಗೆ ಓದ್ಕಂತಿರ್ತಾಳೆ ಬಿಡ್ರಿ" ಎನ್ನುತ್ತಿದ್ದರಂತೆ.

ಒಂದು ಸಂಜೆ ಮಂಡಕ್ಕಿ ಚೀಲ ಹೊತ್ತು ಶಾಲೆಯ ಹಿಂದಿನಿಂದ ಹೋಗುತ್ತಿದ್ದೆ. ಮೇಷ್ಟ್ರು ಜಾಲಿಮುಳ್ಳಿನ ಬೇಲಿ ಸರಿಸಿ, ಬಗ್ಗಿ, ಗೇಣುದ್ದದ ಆ ಓಕ್ ಸಸಿಗೆ ತಂಬಿಗೆಯಲ್ಲಿ ನೀರು ಹಾಕುತ್ತಿದ್ದರು. ಒಂದು ಎಲೆಯನ್ನು ತಿರುಗಿಸಿ ಹುಳು ಬಿದ್ದಿದೆಯೇ ಎಂದು ನೋಡಿದರು. ತಲೆ ಎತ್ತಲಿಲ್ಲ. ನಾನೂ ಕರೆಯಲಿಲ್ಲ.

ಹಂದರದ ಹದಿನೆಂಟು ಮಕ್ಕಳಲ್ಲಿ ಹದಿನಾರು ಮಂದಿ ಪಾಸಾದರು. ನಾನು ಗಣಿತದಲ್ಲಿ ನಪಾಸಾದೆ. ಅಪ್ಪ "ಸಾಕು ಬಿಡು" ಎಂದ. ಅಲ್ಲಿಗೆ ಶಾಲೆ ಮುಗಿಯಿತು.

ಮುಂದಿನ ಶ್ರಾವಣದಲ್ಲಿ ಮೇಷ್ಟ್ರು ಭಟ್ಟಿಗೆ ಮಂಡಕ್ಕಿ ಕೊಳ್ಳಲು ಬಂದರು. ತಲೆಗೆ ಬಟ್ಟೆ ಸುತ್ತಿಕೊಂಡಿದ್ದ ನನ್ನ ಗುರುತು ಹತ್ತಲು ಸ್ವಲ್ಪ ಹೊತ್ತು ಬೇಕಾಯಿತು.

"ನೀ ಇಲ್ಲಿ ಏನ್ ಮಾಡ್ತಿದಿ? ಯಾವ ಕಾಲೇಜು?"

"ಫೇಲಾದೆ ಸರ್."

"ನೀನಾ?"

ಅವರಿಗೆ ಗೊತ್ತೇ ಇರಲಿಲ್ಲ. ಫಲಿತಾಂಶದ ದಿನ ಹದಿನೆಂಟು ನಂಬರುಗಳನ್ನು ಚೀಟಿಯಲ್ಲಿ ಬರೆದುಕೊಂಡು ಬಂದು ಒಂದೊಂದಾಗಿ ಹುಡುಕಿದ್ದರಂತೆ. ನನ್ನದನ್ನು ಹುಡುಕುವುದೇಕೆ, ಅದು ಇದ್ದೇ ಇರುತ್ತದೆ! ಸೇರಿನಲ್ಲಿ ಮಂಡಕ್ಕಿ ಅಳೆದು ಅವರ ಚೀಲಕ್ಕೆ ಹಾಕುತ್ತ ಕೇಳಿದೆ, "ಓಕ್ ಹೆಂಗೈತ್ರಿ ಸರ್?"

"ಮೊಣಕಾಲುದ್ದ ಬಂದೈತೆ" ಎಂದರು. ಅಂದವರೇ ದುಡ್ಡಿಗಾಗಿ ಜೇಬು ತಡಕಿದರು. ಚೀಲ ಹಿಡಿದ ಎಡಗೈ ಉಗುರುಗಳಲ್ಲಿ ಅದೇ ಮಣ್ಣು. ದುಡ್ಡು ಕೊಟ್ಟು ಹೋದರು. ಆಮೇಲೆ ನಮ್ಮ ಭಟ್ಟಿಗೆ ಬರಲಿಲ್ಲ. ಮಂಡಕ್ಕಿ ಹರಿಹರದಲ್ಲೂ ಸಿಗುತ್ತದೆ.

ಮೂವತ್ತು ದಾಟಿದ ಮೇಲೆ ನಾನು ಗಣಿತ ಕಟ್ಟಿ ಪಾಸು ಮಾಡಿದೆ. ಅವರಿಗೆ ತಿಳಿಸಲು ಹೋಗಲಿಲ್ಲ, ಅಷ್ಟು ಹಟ ನನಗೂ ಇದೆ. ಆದರೆ ಹಿತ್ತಿಲಲ್ಲಿ ಅವರೆಗೆ ಹಂದರ ಹಾಕುವಾಗ ಕೋಲನ್ನು ಎಷ್ಟು ಆಳಕ್ಕೆ ನೆಡಬೇಕೆಂದು ನನ್ನ ಕೈಗೆ ಗೊತ್ತಿರುವುದು ಅವರಿಂದಲೇ. ಇಲ್ಲವೆಂದು ಹೇಗೆ ಹೇಳಲಿ?

ಅವರು ಹೋದ ಸುದ್ದಿ ತಂದವಳು ನನ್ನ ತಂಗಿ. ನನಗಿಂತ ಎಂಟು ವರ್ಷ ಚಿಕ್ಕವಳು, ಅವಳೂ ಅವರದೇ ವಿದ್ಯಾರ್ಥಿನಿ, ಈಗ ಟೀಚರ್. ಇಬ್ಬರೂ ಹರಿಹರಕ್ಕೆ ಹೋದೆವು. ಅವಳು ಬಿಕ್ಕಿ ಬಿಕ್ಕಿ ಅತ್ತಳು. ನನಗೆ ಅಳು ಬರಲಿಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ಹೇಳಿದಳು:

"ನಮ್ಮ ಕಾಲಕ್ಕೆ ಹಂದರದ ಕ್ಲಾಸಿಗೆ ಎಲ್ಲರೂ ಬರಬೇಕಿತ್ತಕ್ಕಾ, ಫಸ್ಟ್ ಬರೋರೂ ಸೈತ. ಮೊದಲ್ನೇ ದಿನ ಸರ್ ಒಂದು ಮಾತು ಹೇಳೋರು. ಒಬ್ಬ ಹುಡುಗೀನ ನಾನು ಗಿಡಕ್ಕಿಂತ ಕಡೆಯಾಗಿ ಕಂಡೆ, ಅವಳ ಕಾಲು ಹಿಡಿದ್ರೂ ಆ ತಪ್ಪು ಹೋಗಲ್ಲ ಅಂತ. ಹೇಳ್ತಾ ಕಣ್ಣು ಒರೆಸ್ಕೊಳ್ಳೋರು. ಪ್ರತಿ ವರ್ಷ ಹೇಳ್ತಿದ್ರಂತೆ. ಯಾರಕ್ಕಾ ಅವಳು?"

"ಗೊತ್ತಿಲ್ಲ" ಎಂದೆ.

ಪ್ರತಿ ವರ್ಷ, ಒಂದು ಇಡೀ ತರಗತಿಯ ಮುಂದೆ. ನಮ್ಮ ಭಟ್ಟಿ ಎರಡೇ ಬೀದಿ ಆಚೆ ಇತ್ತು.