ಅರವತ್ತನೆಯ ದಿನದ ಕಾರ್ಡು

ಬೆಳಗಿನ ಐದೂವರೆ. ಬೀದಿದೀಪ ಇನ್ನೂ ಆರಿಲ್ಲ. ಕೊಡೆ ರಿಪೇರಿ ಅಂಗಡಿಯ ಶಟರ್ ಮಂಡಿಯೆತ್ತರಕ್ಕೆ ಮಾತ್ರ ಎದ್ದಿದೆ. ಅದರಡಿಯಲ್ಲಿ ಒಂದು ಜೊತೆ ರಬ್ಬರ್ ಚಪ್ಪಲಿ ಕಾಣುತ್ತದೆ, ಎಡಗಾಲಿನದರ ಪಟ್ಟಿಗೆ ಕೊಡೆಯ ಕಪ್ಪು ಬಟ್ಟೆಯ ತೇಪೆ. ಬಗ್ಗಿ ಒಳಗೆ ಹೋದರೆ, ಎಪ್ಪತ್ತಾರು ವರ್ಷದ ಒಬ್ಬರು ಮೇಜಿನ ಮೇಲೆ ಬಿಸ್ಕತ್ತಿನ ತಗಡು ಡಬ್ಬಿ ತೆರೆದು ಕೂತಿದ್ದಾರೆ. ಡಬ್ಬಿಯೊಳಗೆ ಕಂದುಬಣ್ಣದ ದಪ್ಪ ಕಾರ್ಡುಗಳು. ಬೆರಳಿಗೆ ಎಂಜಲು ಹಚ್ಚಿಕೊಳ್ಳುವುದಿಲ್ಲ. ಒದ್ದೆ ಕೈ ರೇಷ್ಮೆಗೆ ಆಗದು ಎಂದು ಯಾರೋ ಹತ್ತೊಂಬತ್ತನೇ ವಯಸ್ಸಿನಲ್ಲಿ ಹೇಳಿಕೊಟ್ಟ ಪಾಠ ಇನ್ನೂ ಮರೆತಿಲ್ಲ. ಒಣ ಬೆರಳಿನಲ್ಲೇ ಒಂದೊಂದನ್ನೂ ಸರಿಸಿ ಎರಡು ಕಾರ್ಡು ಹೊರಗೆಳೆಯುತ್ತಾರೆ. ಒಂದು ಇವತ್ತಿನದು. ಇನ್ನೊಂದರ ದಿನ ದಾಟಿ ಹೋಗಿದೆ.

ಇವತ್ತಿನದಕ್ಕೆ ಮೊದಲು ಫೋನು. ಕಿವಿ ಮಂದವಾಗಿರುವುದರಿಂದ ಸ್ಪೀಕರ್ ಹಾಕಿಯೇ ಮಾತು. ಅತ್ತ ಹಳೆಯ ಜೊತೆಗಾರ, ಅಡ್ಡಹೆಸರು ಬ್ರೇಕು.

"ಏಯ್ ಬ್ರೇಕು, ಎದ್ಯೇನೋ?"

"ಎದ್ದಿಲ್ಲ. ಸತ್ತಿದ್ದೀನಿ. ಇಡು ಫೋನು."

"ಸತ್ತೋರು ಇಷ್ಟು ಬಾಯಿ ಮಾಡಲ್ಲ. ನಿದ್ದೆ ಬಂತಾ?"

"ಬಂತು, ಹೋಯ್ತು."

"ಊಟ ಸೇರ್ತಾ? ಕಾಲು ನಡೀತಾ?"

"ಸೇರ್ತು. ಕಕ್ಕಸಿನ ತನಕ ನಡೀತು."

"ನಿನ್ನೆ ಯಾರ ಹತ್ರ ಮಾತಾಡ್ದೆ?"

ಅತ್ತ ಯಾವುದೋ ಪಾತ್ರೆ ಉರುಳಿದ ಸದ್ದು ಕೇಳುತ್ತದೆ. ಆಮೇಲೆ, "ಟೀವಿ ಹತ್ರ," ಎನ್ನುತ್ತದೆ ಬ್ರೇಕಿನ ದನಿ. "ಅದೇ ಮಾತಾಡ್ತು. ನಾನು ಕೇಳ್ದೆ." ಫೋನು ಕಟ್ಟಾಗುತ್ತದೆ. ಇವರು ಕಾರ್ಡಿನಲ್ಲಿ ತಾರೀಖು ಬರೆದು, ಎರಡು ಖಾನೆಗಳಲ್ಲೂ ಸಹಿ ಹಾಕಿ, ಶಾಯಿ ಆರುವವರೆಗೆ ಕಾಯುತ್ತಾರೆ.

ಕೇರಿಯವರಿಗೆ ಇವರು ಕೊಡೆ ತಾತ. ದಿನಕ್ಕೆ ಹತ್ತು ಹನ್ನೆರಡು ಕೊಡೆ, ನಾಲ್ಕೈದು ಶಾಲಾಬ್ಯಾಗಿನ ಜಿಪ್ಪು, ಯಾವಾಗಲಾದರೊಮ್ಮೆ ಲಾರಿಯ ಟಾರ್ಪಾಲು ರಿಪೇರಿಗೆ ಬರುತ್ತವೆ. ಹೊಲಿಗೆ ಯಂತ್ರದ ಮುಂದೆ ಹೆಂಡತಿ, ಕೈಹೊಲಿಗೆಗೆ ಇವರು. ಅಂಗಡಿಯ ಹಿಂದಿನ ಒಂದೂವರೆ ಕೋಣೆಯೇ ಮನೆ. ಇದಕ್ಕೆ ಮುಂಚೆ ಇಪ್ಪತ್ತೆರಡು ವರ್ಷ ಇವರು ನೌಕಾಪಡೆಯ ಒಂದು ವಿಮಾನದಳದಲ್ಲಿದ್ದರು ಎಂಬುದು ಕೇರಿಯ ಬಹಳ ಜನಕ್ಕೆ ಗೊತ್ತಿಲ್ಲ. ಗೊತ್ತಿದ್ದವರೂ "ತಾತ ಪೈಲಟ್ ಆಗಿದ್ರಂತೆ" ಎಂದು ತಪ್ಪಾಗಿ ಹೇಳುತ್ತಾರೆ.

"ನಾನು ಒಂದ್ಸಲಾನೂ ಹಾರಿಲ್ಲಮ್ಮ. ಹಾರೋರ ಬೆನ್ನಿಗೆ ಮೂಟೆ ಕಟ್ಟಿ ಕಳಿಸ್ತಿದ್ದೆ, ಅಷ್ಟೇ," ಎನ್ನುತ್ತಾರೆ, ಬರೆದುಕೊಳ್ಳಲು ಕೂತ ನನ್ನ ಕಡೆ ತಿರುಗಿ. ಆ ಮೂಟೆಯೆಂದರೆ ರೇಷ್ಮೆಬಟ್ಟೆಯ ಪ್ಯಾರಾಚೂಟು. ವಿಮಾನಗಳು ಹೊರಡುತ್ತಿದ್ದದ್ದು ಹಡಗಿನ ಮೇಲಿನಿಂದ. ಇವರ ಕೋಣೆ ಅದರ ಮೂರು ಅಂತಸ್ತು ಕೆಳಗೆ. ಕಿಟಕಿಯಿಲ್ಲ. ಗೋಡೆಯಿಂದ ಗೋಡೆಗೆ ಒಂದೇ ಉದ್ದನೆಯ ಮೇಜು. ಯುದ್ಧ ಬಂದದ್ದೂ ಹೋದದ್ದೂ ಮೇಜಿನ ನಡುಕದಿಂದಲೇ ತಿಳಿಯುತ್ತಿತ್ತಂತೆ.

ಆ ಕೋಣೆಗೆ ಒಂದು ನಿಯಮವಿತ್ತು. ಪ್ಯಾರಾಚೂಟನ್ನು ಯಾರೂ ಬಳಸದಿದ್ದರೂ ಸರಿ, ಅರವತ್ತು ದಿನಕ್ಕೊಮ್ಮೆ ಬಿಚ್ಚಲೇಬೇಕು. ಗಾಳಿಗೆ ನೇತುಹಾಕಿ, ಬಟ್ಟೆ, ಹಗ್ಗ, ಪಟ್ಟಿ, ಪಿನ್ನು ನಾಲ್ಕನ್ನೂ ನೋಡಿ, ಮತ್ತೆ ಮೊದಲಿನಿಂದ ಮಡಿಸಬೇಕು. ಮಡಿಸಿದಂತೆಯೇ ಬಹಳ ದಿನ ಬಿಟ್ಟರೆ ಬಟ್ಟೆ ಗೆರೆಗೆರೆಗೆ ಅಂಟಿಕೊಳ್ಳುತ್ತದೆ, ಬೇಕಾದಾಗ ತೆರೆಯುವುದಿಲ್ಲ. ಪ್ರತಿಯೊಂದಕ್ಕೂ ಒಂದು ಕಾರ್ಡು. ಕಾರ್ಡಿನಲ್ಲಿ 'ಬಿಚ್ಚಿದವರು' ಎಂದೊಂದು ಖಾನೆ, 'ಮಡಿಸಿದವರು' ಎಂದೊಂದು ಖಾನೆ. ಬಿಚ್ಚದೆ ಸಹಿ ಹಾಕುವುದಕ್ಕಿಂತ ದೊಡ್ಡ ಪಾಪ ಆ ಕೋಣೆಯಲ್ಲಿರಲಿಲ್ಲ.

ದಳ ಮುಚ್ಚಿದಾಗ ವಿಮಾನಗಳು ಗುಜರಿಗೆ ಹೋದವು, ಜನ ಮನೆಗೆ ಹೋದರು. ಬರೆಯದೆ ಉಳಿದಿದ್ದ ಕಾರ್ಡುಗಳನ್ನು ಒಲೆಗೆ ಹಾಕಲು ಆದೇಶವಾಗಿತ್ತು. ಇವರು ಕಟ್ಟು ಕಟ್ಟಿ ಮನೆಗೆ ತಂದರು, ಕೇಳಿಯೇ ತಂದದ್ದು ಎನ್ನುತ್ತಾರೆ. ಒಂದೊಂದು ಕಾರ್ಡಿಗೆ ದಳದ ಒಬ್ಬೊಬ್ಬರ ಹೆಸರು ಬರೆದರು. ಎಂಬತ್ತಾರು ಕಾರ್ಡು. ಮೊದಲು ಅಂಚೆ, ಆಮೇಲೆ ಪಕ್ಕದ ಔಷಧಿ ಅಂಗಡಿಯ ಫೋನು, ಈಗ ಮೊಬೈಲು. ಮೂವತ್ತನಾಲ್ಕು ವರ್ಷದಿಂದ ಅರವತ್ತು ದಿನಕ್ಕೊಮ್ಮೆ ಒಬ್ಬೊಬ್ಬರನ್ನೂ 'ಬಿಚ್ಚುತ್ತಿದ್ದಾರೆ'. ತುಂಬಿದ ಕಾರ್ಡಿನ ಬೆನ್ನಿಗೆ ಹೊಸ ಕಾರ್ಡು ಹೊಲಿದು ಕೆಲವಂತೂ ಸಣ್ಣ ಪುಸ್ತಕದಷ್ಟು ದಪ್ಪವಾಗಿವೆ. ಈಗ ಡಬ್ಬಿಯಲ್ಲಿ ಹತ್ತೊಂಬತ್ತು ಉಳಿದಿವೆ. ಮಿಕ್ಕವು ಕಪಾಟಿನ ಮೇಲಿನ ಅರೆಯಲ್ಲಿ, ಕೆಂಪು ದಾರ ಸುತ್ತಿಕೊಂಡು ಮಲಗಿವೆ. ಉಪಯೋಗಕ್ಕೆ ಬಾರದ ಪ್ಯಾರಾಚೂಟಿಗೂ ಆಗ ಕೆಂಪು ದಾರವೇ ಕಟ್ಟುತ್ತಿದ್ದದ್ದು.

"ನನಗೂ ಒಂದು ಕಾರ್ಡು ಮಾಡಿಡಿ ಅಂದೆ," ಯಂತ್ರದ ಹಿಂದಿನಿಂದ ಹೆಂಡತಿಯ ಮಾತು. "ಎರಡು ತಿಂಗಳಿಗೊಮ್ಮೆಯಾದ್ರೂ ಊಟ ಸೇರ್ತಾ ಅಂತ ಕೇಳ್ತಾರಲ್ಲ!"

"ನೀನು ದಿನಾ ಬಿಚ್ಕೊಂಡೇ ಇರ್ತೀಯ. ನಿನಗ್ಯಾಕೆ ಕಾರ್ಡು," ಎನ್ನುತ್ತಾರೆ ಇವರು. ಯಂತ್ರ ಜೋರಾಗಿ ಓಡುತ್ತದೆ.

ಇದರಿಂದ ಏನಾಯಿತು ಎಂದು ಕೇಳಿದರೆ ಉತ್ತರಕ್ಕೆ ತಡವರಿಸುವುದಿಲ್ಲ. "ಏನೂ ಆಗಿಲ್ಲ. ಯಾರ ಕಾಯಿಲೆಯೂ ವಾಸಿಯಾಗಿಲ್ಲ. ಯಾರ ಮಗನೂ ಬದಲಾಗಿಲ್ಲ. ಒಬ್ಬ ಅಂತೂ, ನೀನು ಫೋನ್ ಮಾಡಿದಾಗೆಲ್ಲ ಇನ್ನೂ ಎಷ್ಟು ಜನ ಇದ್ದೀವಿ ಅಂತ ಲೆಕ್ಕ ಬರುತ್ತೆ, ಮಾಡ್ಬೇಡ ಮಾರಾಯ ಅಂದ. ಆದ್ರೂ ಮಾಡ್ತೀನಿ. ಬಯ್ತಾನೆ. ಬಯ್ದ್ರೂ ಸಹಿ ಹಾಕ್ಬಹುದು." ದಳದ ಅಧಿಕಾರಿಗಳದ್ದೊಂದು ಸಂಘವಿದೆ. ವರ್ಷಕ್ಕೊಮ್ಮೆ ಹೋಟೆಲಿನಲ್ಲಿ ಸೇರುತ್ತದೆ. ಕೆಳಗಿನ ಕೋಣೆಗಳಲ್ಲಿದ್ದವರಿಗೆ ಕರೆಯಿಲ್ಲ. ಇಷ್ಟು ವರ್ಷದಲ್ಲಿ ಇವರಿಗೆ ತಾವಾಗಿ ಫೋನು ಮಾಡಿದವರು ಸಾವಿನ ಸುದ್ದಿ ಹೇಳಲು ಮಾಡಿದವರು ಮಾತ್ರ.

ಕೆಂಪು ದಾರದ ಕಾರ್ಡುಗಳಲ್ಲಿ ಒಂದನ್ನು ಇವರು ಯಾರ ಕೈಗೂ ಕೊಡುವುದಿಲ್ಲ. ದೂರದಿಂದಲೇ ತೋರಿಸುತ್ತಾರೆ. ಅದು ಇಂಜಿನ್ ಮೆಕ್ಯಾನಿಕ್ ಒಬ್ಬರದು. ದಳದಲ್ಲಿ ಅವರನ್ನು ಎಣ್ಣೆ ಎನ್ನುತ್ತಿದ್ದರು. ಆರು ವರ್ಷದ ಹಿಂದೆ ಒಮ್ಮೆ ಫೋನು ಮಾಡಿದಾಗ ಎಣ್ಣೆಯ ಮಗ ಎತ್ತಿಕೊಂಡ. "ಅಪ್ಪ ಸ್ನಾನಕ್ಕೆ ಹೋಗಿದ್ದಾರೆ ಅಂಕಲ್, ಚೆನ್ನಾಗಿದ್ದಾರೆ, ನಾನೇ ಹೇಳ್ತೀನಿ." ಇವರು ಸಹಿ ಹಾಕಿದರು. ಅರವತ್ತು ದಿನ ಬಿಟ್ಟು ಮಾಡಿದಾಗ ಅಪ್ಪ ಮಲಗಿದ್ದರು. ಸಹಿ. ಮತ್ತೊಮ್ಮೆ ವಾಕಿಂಗ್ ಹೋಗಿದ್ದರು. ಸಹಿ. ನಾಲ್ಕನೆಯ ಸಲವೂ ಏನೋ ಒಂದು.

ಎಣ್ಣೆ ಆ ಎಂಟು ತಿಂಗಳೂ ಮನೆಯಲ್ಲಿರಲಿಲ್ಲ. ಮಗ ಅವರನ್ನು ದಿಕ್ಕಿಲ್ಲದವರ ಆಶ್ರಯಧಾಮವೊಂದಕ್ಕೆ ಬಿಟ್ಟು ಬಂದಿದ್ದ. ಅಲ್ಲೇ ತೀರಿಕೊಂಡರು. ಅವರ ಜೇಬಿನಲ್ಲಿದ್ದ ಚೀಟಿ ನೋಡಿ ಅಲ್ಲಿನ ನರ್ಸ್ ಈ ಅಂಗಡಿಗೆ ಫೋನು ಮಾಡಿದ್ದು.

"ಆ ಜಾಗ ಎಲ್ಲಿದೆ ಗೊತ್ತೇನಮ್ಮ?" ಸೂಜಿಯನ್ನು ಕೊಡೆಯ ಬಟ್ಟೆಗೆ ಚುಚ್ಚಿಟ್ಟು ಕೇಳುತ್ತಾರೆ. "ಇಲ್ಲಿಂದ ನಾಲ್ಕನೇ ಬಸ್ ಸ್ಟಾಪು. ಎಂಟು ತಿಂಗಳು ನಾಲ್ಕು ಸ್ಟಾಪಿನಾಚೆ ಇದ್ದ. ನಾನಿಲ್ಲಿ ಕೂತು, ಚೆನ್ನಾಗಿದ್ದಾನೆ ಅಂತ ಸಹಿ ಹಾಕ್ತಿದ್ದೆ. ಇಪ್ಪತ್ತೆರಡು ವರ್ಷ ಒಂದೇ ಒಂದು ಕಾರ್ಡಿಗೂ ಬಿಚ್ಚದೆ ಸಹಿ ಹಾಕಿದವನಲ್ಲ ನಾನು. ಹಾಕಿದ್ದು ಎಣ್ಣೆದಕ್ಕೆ."

ಅಂದಿನಿಂದ ದನಿ ಕೇಳದೆ ಸಹಿಯಿಲ್ಲ. ಅದಕ್ಕೇ ಮೇಜಿನ ಮೇಲಿನ ಎರಡನೆಯ ಕಾರ್ಡಿಗೆ ಮೂರು ದಿನದಿಂದ ಸಹಿ ಬಿದ್ದಿಲ್ಲ. ಅದು ಸಿಳ್ಳೆ ಸಾಹೇಬರದು.

ಸಿಳ್ಳೆ ಸಾಹೇಬರು ಪೈಲಟ್. ಒಂದು ಮಧ್ಯಾಹ್ನ ಸಮುದ್ರದ ಮೇಲೆ ಅವರ ವಿಮಾನಕ್ಕೆ ಬೆಂಕಿ ಬಿತ್ತು, ಅವರು ಹಾರಿಕೊಂಡರು. ಮೂಟೆ ತೆರೆಯಿತು. ಹೆಲಿಕಾಪ್ಟರ್ ಅವರನ್ನು ನೀರಿನಿಂದ ಎತ್ತಿ ತಂದ ಮೇಲೆ, ಒದ್ದೆ ಬಟ್ಟೆಯಲ್ಲೇ ಮೂರು ಅಂತಸ್ತು ಇಳಿದು ಈ ಕೋಣೆಯ ಬಾಗಿಲಿಗೆ ಬಂದು ನಿಂತರು. ಕಾರ್ಡು ಕೇಳಿ ತರಿಸಿಕೊಂಡು ಮಡಿಸಿದವನ ಹೆಸರು ಓದಿದರು. ಥ್ಯಾಂಕ್ಸ್ ಇಲ್ಲ, ಕೈಕುಲುಕಲಿಲ್ಲ. ಒಂದು ಉದ್ದನೆಯ ಸಿಳ್ಳೆ ಹಾಕಿ ಹೊರಟುಹೋದರು. ಆಮೇಲೆ ಪ್ರತಿ ಸಲ ಹಾರುವ ಮುಂಚೆಯೂ ಬಾಗಿಲಲ್ಲಿ ಅದೇ ಸಿಳ್ಳೆ. ಫೋನಿನಲ್ಲೂ ಅಷ್ಟೇ. ನಾಲ್ಕು ಪ್ರಶ್ನೆಗೂ ಸೇರಿಸಿ ಒಂದು ಸಿಳ್ಳೆ ಹಾಕಿ ಇಟ್ಟುಬಿಡುತ್ತಿದ್ದರು.

ಈ ಸಲ ಮಗಳು ಎತ್ತಿಕೊಳ್ಳುತ್ತಾಳೆ. ಮೊದಲ ದಿನ, "ಅಪ್ಪ ಮಲಗಿದ್ದಾರೆ." ಎರಡನೆಯ ದಿನ, "ಸ್ವಲ್ಪ ಸುಸ್ತು." ಮೂರನೆಯ ದಿನವೂ ಮಲಗಿದ್ದಾರೆ. ಇವತ್ತು ಫೋನು ಹೊಡೆದುಕೊಳ್ಳುತ್ತದೆ, ಯಾರೂ ಎತ್ತುವುದಿಲ್ಲ. ಇವರು ಕಾರ್ಡನ್ನು ಜೇಬಿಗೆ ಹಾಕಿಕೊಂಡು ಎದ್ದು ನಿಲ್ಲುತ್ತಾರೆ.

"ಮಂಡಿನೋವು ಇಟ್ಕೊಂಡು ಎಲ್ಲಿಗೆ?" ಹೆಂಡತಿ.

"ಬಿಚ್ಚೋಕೆ."

ಎರಡು ಬಸ್ಸು ಬದಲಾಯಿಸಿ ಹೋಗಬೇಕು. ಬಸ್ಸಿನಲ್ಲಿ ಇವರು ಕಿಟಕಿಯ ಕಡೆ ನೋಡುವುದಿಲ್ಲ. ಕಾರ್ಡಿನ ಮೇಲೆ ಅಂಗೈ ಇಟ್ಟುಕೊಂಡು ಕೂರುತ್ತಾರೆ. ಮನೆ ಎರಡನೆಯ ಮಹಡಿಯಲ್ಲಿದೆ. ಬಾಗಿಲು ತೆರೆಯುವ ಮಗಳ ಒಂದು ಕೈಯಲ್ಲಿ ಚಮಚ, ಭುಜದ ಮೇಲೆ ಒದ್ದೆ ಟವೆಲ್. ಇವರನ್ನು ಅವಳು ಹಿಂದೆಂದೂ ನೋಡಿಲ್ಲ. ಆದರೂ "ಊಟ ಸೇರ್ತಾ ಮಾಮ ಅಲ್ವಾ?" ಎನ್ನುತ್ತಾಳೆ. ಆಮೇಲೆ ಗೋಡೆಗೆ ಒರಗಿಕೊಳ್ಳುತ್ತಾಳೆ.

"ನಾನು ಸುಳ್ಳು ಹೇಳ್ತಿದ್ದೆ ಮಾಮ. ನಿಮ್ಮ ನಾಲ್ಕು ಪ್ರಶ್ನೆಗೆ ನನ್ನ ಹತ್ರ ಒಂದಕ್ಕೂ ಉತ್ತರ ಇರ್ಲಿಲ್ಲ. ಇವತ್ತಂತೂ ಫೋನ್ ಎತ್ತೋಕೆ ಕೈಯೇ ಬರ್ಲಿಲ್ಲ."

ಸಿಳ್ಳೆ ಸಾಹೇಬರು ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದಾರೆ. ಜಾರಿ ಬೀಳದಂತೆ ಸೊಂಟಕ್ಕೆ ದುಪಟ್ಟಾ ಸುತ್ತಿ ಕುರ್ಚಿಯ ಬೆನ್ನಿಗೆ ಕಟ್ಟಿದೆ. ಇವರು ಒಳಗೆ ಹೋದವರೇ ಮೊದಲು ಆ ಗಂಟನ್ನು ಮುಟ್ಟಿ ನೋಡುತ್ತಾರೆ. ಬಿಗಿಯಾಗಿದೆ, ಒಂದು ಬೆರಳು ಸಡಿಲಿಸುತ್ತಾರೆ. ಆಮೇಲೆ ಎದುರಿಗೆ ಮೊಣಕಾಲೂರಿ ಕೂರುತ್ತಾರೆ.

"ಸಾಹೇಬ್ರೇ, ನಾನು. ಕೆಳಗಿನ ಕೋಣೆಯವನು. ನಿದ್ದೆ ಬಂತಾ?"

ಸಾಹೇಬರ ಕಣ್ಣು ಇವರ ಮುಖ ದಾಟಿ ಎಲ್ಲೋ ನೆಟ್ಟಿದೆ.

"ಊಟ ಸೇರ್ತಾ?"

"ಇಳಿಸಿ," ಎನ್ನುತ್ತಾರೆ ಸಾಹೇಬರು.

"ಇದೊಂದೇ ಮಾತು," ಮಗಳು ಮೆಲ್ಲಗೆ ಹೇಳುತ್ತಾಳೆ. "ಎರಡು ವಾರದಿಂದ ಬೆಳಗಿಂದ ಸಂಜೆ ತನಕ. ಕುರ್ಚಿಯಿಂದ ಇಳಿಸಿದ್ರೆ ಮಂಚದ ಮೇಲೂ ಇದೇ. ಮಂಚದಿಂದ ನೆಲಕ್ಕಿಳಿಸಿದ್ರೆ ನೆಲದ ಮೇಲೂ ಇದೇ. ಇನ್ನು ಎಲ್ಲಿಗೆ ಇಳಿಸ್ಲಿ ಮಾಮ?"

ಇವರು ಸಿಳ್ಳೆ ಹಾಕಲು ನೋಡುತ್ತಾರೆ. ಮುಂದಿನ ಹಲ್ಲುಗಳಿಲ್ಲ. ತುಟಿ ಮೂತಿ ಮಾಡಿ ಊದಿದರೆ ಬರಿಯ ಗಾಳಿ ಬರುತ್ತದೆ. ಇನ್ನೊಮ್ಮೆ ಊದುತ್ತಾರೆ, ಮತ್ತೊಮ್ಮೆ. ಸಾಹೇಬರ ಕೂದಲು ಅಲುಗುತ್ತದೆ, ಅಷ್ಟೇ. "ಇಳಿಸಿ," ಎಂದು ಇವರ ತೋಳು ಹಿಡಿದುಕೊಳ್ಳುತ್ತಾರೆ. ಹಿಡಿತ ಗಟ್ಟಿಯಾಗಿದೆ. ಬಿಡಿಸಿಕೊಳ್ಳಲು ಮಗಳು ನೆರವಾಗಬೇಕಾಗುತ್ತದೆ.

ಮೆಟ್ಟಿಲ ಮೇಲೆ ಇವರು ಕೂತುಬಿಡುತ್ತಾರೆ. "ಆವಾಗ ಇಳಿಸಿದ್ದೆ," ಎನ್ನುತ್ತಾರೆ. "ಅವರು ಕೇಳೋಕೆ ಮುಂಚೆನೇ ಮಡಿಸಿಟ್ಟಿದ್ದೆ. ಈಗ ಬಾಯಿ ಬಿಟ್ಟು ಕೇಳ್ತಿದ್ದಾರೆ, ಕೈಯಲ್ಲಿ ಏನೂ ಇಲ್ಲ."

ಅಂಗಡಿಗೆ ಮರಳಿದಾಗ ನಾಲ್ಕು ಕೊಡೆಗಳು ಕಾದು ಕೂತಿವೆ. ಅವನ್ನು ಸರಿಸಿ ಸಾಹೇಬರ ಕಾರ್ಡನ್ನು ಮೇಜಿನ ಮೇಲಿಡುತ್ತಾರೆ. ಪಕ್ಕದಲ್ಲಿ ಕೆಂಪು ದಾರದ ಉಂಡೆಯಿದೆ. ಅದನ್ನು ಕೈಗೆತ್ತಿಕೊಂಡು ಒಂದು ಗೇಣು ಎಳೆಯುತ್ತಾರೆ. ಹೆಂಡತಿ ಯಂತ್ರ ನಿಲ್ಲಿಸಿ ನೋಡುತ್ತಾಳೆ. ದಾರ ಮತ್ತೆ ಉಂಡೆಗೆ ಸುತ್ತಿಕೊಳ್ಳುತ್ತದೆ. ಪೆನ್ನು ತೆಗೆದು ತಾರೀಖು ಬರೆಯುತ್ತಾರೆ. 'ಬಿಚ್ಚಿದವರು' ಎಂಬಲ್ಲಿ ಸಹಿ ಹಾಕುತ್ತಾರೆ. 'ಮಡಿಸಿದವರು' ಎಂಬ ಖಾನೆಯ ಮೇಲೆ ಪೆನ್ನು ನಿಂತು, ಹಾಗೆಯೇ ಮೇಲೆದ್ದು ಬರುತ್ತದೆ.

"ಅದಕ್ಕೆ?" ಹೆಂಡತಿ ಕೇಳುತ್ತಾಳೆ.

"ಬಿಚ್ಚಿದ್ದು ನಿಜ. ಮಡಿಸೋಕೆ ಆಗ್ಲಿಲ್ಲ. ಆಗದೇ ಇದ್ದದ್ದಕ್ಕೆ ಸಹಿ ಯಾಕೆ?"

ಆ ಕಾರ್ಡುಗಳಲ್ಲೆಲ್ಲ ಅರ್ಧ ಖಾಲಿ ಉಳಿದ ಸಾಲು ಅದೊಂದೇ. ಬೆರಳು ಮಡಿಸಿ ಎಣಿಸುತ್ತಾ ಇನ್ನರವತ್ತು ದಿನದ ತಾರೀಖನ್ನು ಪೆನ್ಸಿಲಿನಲ್ಲಿ ಬರೆದು, ಕಾರ್ಡನ್ನು ಡಬ್ಬಿಗೆ ಹಾಕುತ್ತಾರೆ. ಹತ್ತೊಂಬತ್ತು. 

ಆಸೆ ಏನಾದರೂ ಉಂಟೇ ಎಂದರೆ ಸ್ವಲ್ಪ ನಾಚಿಕೊಳ್ಳುತ್ತಾರೆ. "ಒಂದಿನ ಬೆಳಿಗ್ಗೆ, ನಾನು ಮಾಡೋಕೆ ಮುಂಚೆ, ಅವರಲ್ಲಿ ಯಾರಾದ್ರೂ ಒಬ್ರು ಮಾಡ್ಲಿ. ಯಾರೂ ಸತ್ತಿಲ್ಲದ ದಿನ. ಸುಮ್ನೆ, ಊಟ ಸೇರ್ತೇನೋ ಅನ್ನೋಕೆ. ಆಗೋ ಮಾತಲ್ಲ ಬಿಡಮ್ಮ."

ಕೊಡೆಯೊಂದನ್ನು ತೆರೆದು, ಕಡ್ಡಿಗಳನ್ನು ಬೆಳಕಿಗೆ ಹಿಡಿದು ಒಂದೊಂದಾಗಿ ನೋಡುತ್ತಾರೆ. ಆಮೇಲೆ ತಲೆಯೆತ್ತದೆ ಹೇಳುತ್ತಾರೆ: "ಇಪ್ಪತ್ತೆರಡು ವರ್ಷದಲ್ಲಿ ಆರು ಸಾವಿರದ ಮೇಲೆ ಮಡಿಸಿದ್ದೀನಿ. ಅದ್ರಲ್ಲಿ ಎರಡು ಗಾಳೀಲಿ ತೆರೀಬೇಕಾಗಿ ಬಂತು. ಎರಡೂ ತೆರೆದ್ವು. ಅಷ್ಟು ಬರ್ಕೊಳಮ್ಮ. ಮಿಕ್ಕಿದ್ದು ಬೇಡ."