ಡೊಳ್ಳಿಗೆ ಹಾಕಿದ ತಗಡಿನ ತೇಪೆ

ಹಳೆಯ ಡೊಳ್ಳುಗಳನ್ನು ಕೊಂಡು, ದುರಸ್ತಿ ಮಾಡಿ, ಆನ್‌ಲೈನಿನಲ್ಲಿ ಮಾರುವುದು ನನ್ನ ಕಸುಬು. ಅಂಗಡಿ ಚಳ್ಳಕೆರೆಯಲ್ಲಿ, ಎಣ್ಣೆ ಮಿಲ್ಲಿನ ಹಿಂದಿನ ಬೀದಿ. ‘ಮೂಲ ಸ್ಥಿತಿಗೆ ತಂದದ್ದು’ ಎಂದು ಬರೆದರೆ ಮಾಲು ಬೇಗ ಹೋಗುತ್ತದೆ. ಮೂಲ ಅಂದರೆ ಯಾವುದು ಎಂದು ಒಬ್ಬ ಗಿರಾಕಿಯೂ ಕೇಳಿಲ್ಲ. ಕೇಳಿದ್ದರೆ ಬಾಯಿಗೆ ಬಂದದ್ದು ಹೇಳುತ್ತಿದ್ದೆ.

ರಾಂಪುರದ ಹತ್ತಿರದ ಹಳ್ಳಿಯಿಂದ ಒಬ್ಬ ಮುದುಕರು ಡೊಳ್ಳು ತಂದರು. ಕುರಿ ಸಾಕುವ ಮನೆಯವರು. ಹೆಗಲು ಸೋತಿತ್ತು, ಇನ್ನು ಹೊರಲಾಗದು ಎಂದು ಮಾರಲು ಬಂದಿದ್ದರು. ಮರ ಒಂದು ಕಡೆ ಸೀಳಿತ್ತು. ಸೀಳಿನ ಮೇಲೆ ಎಣ್ಣೆ ಡಬ್ಬ ಕತ್ತರಿಸಿದ ತಗಡು, ಐದು ಸೊಟ್ಟ ಮೊಳೆ. ತಗಡಿನ ಮೇಲೆ ಶೇಂಗಾ ಚಿತ್ರ ಅರ್ಧ ಉಳಿದಿತ್ತು. ಹೊಡೆದಾಗ ದನಿಯ ಹಿಂದೆಯೇ ತಗಡು ಸಣ್ಣಗೆ ಜುಂಯ್ ಎನ್ನುತ್ತಿತ್ತು. ಆ ತಗಡು ಬಡಿದವನು ಅವರ ಮಗ. ಹತ್ತು ವರ್ಷದ ಹುಡುಗನಿದ್ದಾಗ ತಾನೇ ಬಡಿದಿದ್ದನಂತೆ. ಬೆಳೆದ ಮೇಲೆ ಲಾರಿಗೆ ಸಿಕ್ಕಿ ಸತ್ತ. ಚರ್ಮ ಬದಲಾಯಿಸು, ಹಗ್ಗ ಬದಲಾಯಿಸು, ತಗಡು ಮಾತ್ರ ಮುಟ್ಟಬೇಡ ಅಂದರು. ಆಯ್ತು ಅಂದೆ. ಆಯ್ತು ಅನ್ನಲು ನನಗೇನು ಗಂಟು ಹೋಗುತ್ತಿತ್ತು?

ಅವರು ಬಸ್ಸು ಹತ್ತಿದ ಮಧ್ಯಾಹ್ನವೇ ತಗಡು ಕಿತ್ತೆ. ಸೀಳಿಗೆ ಮರದ ಪುಡಿ, ಅಂಟು ತುಂಬಿ ಉಜ್ಜಿ, ಪಾಲಿಶ್ ಹೊಡೆದೆ. ತಗಡು ಗುಜರಿಗೆ ಹೋಯಿತು. ಕೀಳುವ ಮೊದಲು ಒಂದು ಫೋಟೊ, ಆಮೇಲೊಂದು. ಎರಡನ್ನೂ ಜಾಹೀರಾತಿಗೆ ಹಾಕಿದೆ. ಗಿರಾಕಿ ಎರಡೇ ದಿನದಲ್ಲಿ ಸಿಕ್ಕ.

ಕಳಿಸುವ ದಿನ ಮುದುಕರು ಬಂದುಬಿಟ್ಟರು, ಕೊನೆಯದಾಗಿ ಒಂದು ಸಲ ಬಾರಿಸಿ ಹೋಗುತ್ತೇನೆಂದು. ಒಂದು ಪೆಟ್ಟು ಹಾಕಿದರು. ದನಿ ತುಂಬಿಕೊಂಡು ಬಂತು, ನನಗೇ ಹೆಮ್ಮೆಯಾಯಿತು. ಅವರು ಕಿವಿ ಹತ್ತಿರ ತಂದು ಇನ್ನೊಂದು ಹಾಕಿದರು. ಆಮೇಲೆ ತಗಡಿದ್ದ ಜಾಗವನ್ನು ಹೆಬ್ಬೆರಳಿನಿಂದ ಸವರುತ್ತ ನಿಂತರು.

“ಮೊದಲಿದ್ದಂಗೇ ಮಾಡೀನಿ, ಯಜಮಾನ್ರೇ,” ಅಂದೆ.

“ಮೊದಲು ಅಂದ್ರೆ ಯಾವಾಗ, ತಮ್ಮಾ? ನನ್ನ ಮಗ ಹುಟ್ಟೋಕಿಂತ ಮೊದಲಾ?”

ನನಗೆ ರೇಗಿತು. ತಪ್ಪು ಮಾಡಿದವನಿಗೆ ಸಿಟ್ಟು ಬೇಗ ಬರುತ್ತದೆ. ಮಾರಿದ ಮೇಲೆ ಅದು ನಿಮ್ಮದಲ್ಲ, ತುಕ್ಕು ತಗಡು ನೋಡಿ ಯಾರೂ ಕೊಳ್ಳುವುದಿಲ್ಲ ಎಂದೆ. ಅವರು ಜಗಳಕ್ಕೆ ಬರಲಿಲ್ಲ. ತಗಡು ಎಲ್ಲಿದೆ ಎಂದಷ್ಟೇ ಕೇಳಿದರು. ಗುಜರಿಗೆ ಹಾಕಿದೆ ಎಂದೆ, ತಲೆ ಎತ್ತದೆ, ಡೊಳ್ಳಿಗೆ ರಟ್ಟು ಸುತ್ತುತ್ತ.

“ಫೋಟೊನಾದ್ರೂ ಐತಾ?”

ಮೊಬೈಲು ತೆಗೆದು ಕೈಗೆ ಕೊಟ್ಟೆ. ಶೇಂಗಾ ಚಿತ್ರ, ಐದು ಮೊಳೆ, ಎಲ್ಲ ಚೆನ್ನಾಗಿ ಬಂದಿತ್ತು. ಅವರು ಡೊಳ್ಳನ್ನು ಸವರಿದ ಹಾಗೆಯೇ ಹೆಬ್ಬೆರಳಿನಿಂದ ಫೋಟೊ ಸವರಿದರು. ಅದು ಸರಿದು, ಪಾಲಿಶ್ ಹೊಡೆದ ಡೊಳ್ಳು ಬಂತು. ಗಾಬರಿಯಾಗಿ ಮತ್ತೆ ಅದೇ ಕಡೆಗೆ ಸವರಿದರು. ಬೇರೆ ಯಾರದೋ ಡೊಳ್ಳು ಬಂತು.

ಹಿಂದಕ್ಕೆ ಸರಿಸುವುದು ಅವರಿಗೆ ಗೊತ್ತಿರಲಿಲ್ಲ. ಕೊರಿಯರಿನವನು ಬಾಗಿಲಲ್ಲಿ ಕಾಯುತ್ತಿದ್ದ. ನಾನು ಮೊಬೈಲು ಇಸಿದುಕೊಂಡು ಜೇಬಿಗೆ ಹಾಕಿದೆ.