ಫೈರ್‌ಪ್ಲೇಸಿನ ಮೇಲಿನ ಬಿಳಿ ಹೂವಿನ ಬಳ್ಳಿ

ಹೋದ ವಾರ ಮಂಗಳವಾರ ಬೆಳಿಗ್ಗೆ ಎಂಟೂವರೆಗೆ ನಾನು ಫ್ಯಾಮಿಲಿ ಗ್ರೂಪಿಗೆ ಒಂದು ಫೋಟೋ ಹಾಕಿದೆ. ಒಂಬತ್ತು ಗಂಟೆಯೊಳಗೆ ಹನ್ನೊಂದು ಜನ ನಮ್ಮ ಅತ್ತೆಗೆ ಶ್ರದ್ಧಾಂಜಲಿ ಸಲ್ಲಿಸಿಬಿಟ್ಟಿದ್ದರು.

ಅತ್ತೆ ಆಗ ಅಮೆರಿಕದಲ್ಲಿ ನಮ್ಮ ಮಿಲ್ಪಿಟಾಸ್ ಮನೆಯ ಸೋಫಾದ ಮೇಲೆ ಕೂತು ಅವಲಕ್ಕಿ ತಿನ್ನುತ್ತಿದ್ದರು.

ನಗು ಬಂತಲ್ಲವೇ? ನನಗೂ ಒಂದು ಕ್ಷಣ ಬಂತು. ಆಮೇಲೆ ಬರಲಿಲ್ಲ.

ಅತ್ತೆ ಧಾರವಾಡದಿಂದ ನಮ್ಮಲ್ಲಿಗೆ ಬಂದು ಒಂದು ವರ್ಷವಾಯಿತು. ಜನವರಿಯಲ್ಲಿ ಹೊಟ್ಟೆನೋವು ಎಂದರು. ಸ್ಕ್ಯಾನ್ ಮಾಡಿಸಿದರೆ ಕ್ಯಾನ್ಸರ್, ಆಗಲೇ ಲಿವರ್‌ಗೆ ಹರಡಿತ್ತು.

ಕನ್ನಡ ಬರುವ ಇಂಟರ್‌ಪ್ರಿಟರ್ ಕರೆಸಲೇ ಎಂದು ಡಾಕ್ಟರ್ ಕೇಳಿದರು. ಮಗನೇ ಇರುವಾಗ ಅದೆಲ್ಲ ಯಾಕೆ ಎಂದು ಅತ್ತೆಯೇ ಬೇಡ ಎಂದರು.

ಮಗ, ಅಂದರೆ ನನ್ನ ಗಂಡ, "ಸಣ್ಣ ಗಂಟು ಅದ ಅವ್ವಾ, ಗುಳಿಗಿ ತೊಗೊಂಡ್ರ ಕರಗ್ತದ" ಎಂದರು. ನಾನು ಪಕ್ಕದಲ್ಲೇ ಕೂತಿದ್ದೆ. ಹೌದೆಂದು ತಲೆಯಾಡಿಸಿದೆ... ಆ ತಲೆಯಾಡಿಸಿದ್ದು ನಾನೇ, ಅದನ್ನು ಇನ್ನೊಬ್ಬರ ಮೇಲೆ ಹಾಕಲಾರೆ.

ಡಾಕ್ಟರ್ ಇನ್ನೊಂದು ಮಾತೂ ಹೇಳಿದ್ದರು. ಊರಿಗೆ ಹೋಗಿ ಬರುವುದಿದ್ದರೆ ಈಗಲೇ ಹೋಗಿ, ಮುಂದೆ ಕಷ್ಟ ಎಂದು. ಅದನ್ನು ನಾವು ಕನ್ನಡಕ್ಕೆ ತರಲೇ ಇಲ್ಲ.

ಅತ್ತೆಯ ತಂಗಿ ಧಾರವಾಡದಲ್ಲಿ ಎರಡು ವರ್ಷದಿಂದ ಹಾಸಿಗೆ ಹಿಡಿದಿದ್ದಾರೆ. ಒಮ್ಮೆ ಹೋಗಿ ಅವಳ ಮುಖ ನೋಡಿ ಬರುತ್ತೇನೆ ಎಂದು ಅತ್ತೆ ಆಗ ಎಷ್ಟು ಸಲ ಕೇಳಿದರೋ! ದಿಢೀರನೆ ಕಳಿಸಿದರೆ ಅನುಮಾನ ಬರುತ್ತದೆ ಎಂದು ನಾವು ಹೆದರಿದೆವು. ಗುಳಿಗೆ ಮುಗಿಯಲಿ, ಚಳಿ ಕಳೆಯಲಿ ಎಂದು ಮುಂದೂಡುತ್ತಲೇ ಹೋದೆವು.

ಇನ್ನು ಹೂವಿನ ವಿಷಯ.

ಇನ್‌ಫೆಕ್ಷನ್ ಆಗಬಾರದೆಂದು ಮನೆಯಲ್ಲಿ ಮಣ್ಣಿನ ಕುಂಡ, ಹಸಿ ಹೂವು ಏನೂ ಬೇಡ ಎಂದು ನರ್ಸ್ ಹೇಳಿದ್ದರು. ಅತ್ತೆಗೆ ನಾವು ಹೇಳಿದ್ದು, ನನಗೆ ಪೋಲನ್ ಅಲರ್ಜಿ ಎಂದು. ಹೂವಿಲ್ಲದೆ ಪೂಜೆ ಮಾಡಿ ಗೊತ್ತಿಲ್ಲದ ಆ ಹೆಂಗಸು ನನ್ನ ಅಲರ್ಜಿಗಾಗಿ ಎರಡು ತಿಂಗಳಿಂದ ಬರೀ ಅಕ್ಷತೆ ಹಾಕುತ್ತಿದ್ದರು.

ನನಗೇ ಸಂಕಟವಾಯಿತು. ಪಕ್ಕದ ಊರು ಫ್ರೀಮಾಂಟಿಗೆ ಹೋಗಿ ಪ್ಲಾಸ್ಟಿಕ್ ಟ್ಯುಲಿಪ್, ಎರಡು ಪುಟ್ಟ ಫರ್ನ್, ಬಿಳಿ ಹೂವಿನ ಉದ್ದನೆಯ ಬಳ್ಳಿ ತಂದೆ.

ನಮ್ಮ ಫೈರ್‌ಪ್ಲೇಸು ಉರಿದದ್ದೇ ಇಲ್ಲ. ಅದರ ಮೇಲಿನ ಹಲಗೆಯ ಮೇಲೆ ಗಂಧದ ಹಾರ ಹಾಕಿದ ಮಾವನ ಫೋಟೋ, ಅದರ ಪಕ್ಕದಲ್ಲೇ ಇಳಕಲ್ ಸೀರೆಯುಟ್ಟ ಅತ್ತೆಯ ಫೋಟೋ. ಜನವರಿಯಿಂದ ಗುಳಿಗೆ ಡಬ್ಬಿ, ಥರ್ಮಾಮೀಟರ್ ಎಲ್ಲ ಸೇರಿ ಅದೂ ಆಸ್ಪತ್ರೆಯ ಹಾಗೇ ಆಗಿತ್ತು.

ಅವನ್ನೆಲ್ಲ ಡ್ರಾಯರಿಗೆ ಹಾಕಿ, ಒರೆಸಿ, ಫರ್ನ್ ಇಟ್ಟೆ. ಬಳ್ಳಿ ಮಾತ್ರ ಜಾರಿ ಜಾರಿ ಬೀಳುತ್ತಿತ್ತು, ಟೇಪೂ ಹಿಡಿಯಲಿಲ್ಲ. ಮೀಟಿಂಗಿಗೆ ಹೊತ್ತಾಗಿತ್ತು. ಅತ್ತೆಯ ಫೋಟೋದ ಎರಡು ಮೂಲೆಗೆ ಸಿಕ್ಕಿಸಿದೆ, ನಿಂತಿತು.

ಚೆಂದ ಕಂಡಿತು. ಒಂದು ಫೋಟೋ ತೆಗೆದು, ಒಂದಕ್ಷರವನ್ನೂ ಬರೆಯದೆ ಗ್ರೂಪಿಗೆ ಹಾಕಿ ಮಹಡಿ ಹತ್ತಿದೆ.

ಗಂಡನ ಪಕ್ಕದಲ್ಲಿ ಹೆಂಡತಿ, ಇಬ್ಬರಿಗೂ ಹಾರ... ನಮ್ಮವರು ಯಾರೇ ನೋಡಿದರೂ ಇನ್ನೇನು ತಿಳಿದಾರು? ಇಲ್ಲಿನ ಮನೆಗಳ ಸ್ಪ್ರಿಂಗ್ ಡೆಕೋರೇಷನ್ ನೋಡುತ್ತಾ ನೋಡುತ್ತಾ ನನ್ನ ಕಣ್ಣಿಗೆ ಮಂಕು ಕವಿದಿತ್ತು.

ಮೀಟಿಂಗ್ ಮುಗಿಸಿ ಇಳಿದು ಬಂದಾಗ ಅತ್ತೆ ಕನ್ನಡಕ ಹಾಕಿಕೊಂಡು ಫೋನ್ ನೋಡುತ್ತಿದ್ದರು. ಅವಲಕ್ಕಿ ತಟ್ಟೆಯಲ್ಲೇ ಇತ್ತು.

ಫೋನನ್ನು ನನ್ನ ಕಡೆ ತಿರುಗಿಸಿದರು. ಯಾರೋ ದೂರದ ಸಂಬಂಧಿ ಬರೆದಿದ್ದರು: "ಓಂ ಶಾಂತಿ. ಕ್ಯಾನ್ಸರ್ ಅಂತ ಕೇಳಿದ್ದೆ. ಇಷ್ಟು ಲಗೂ ಹೋಗ್ತಾರ ಅಂತ ತಿಳಿದಿರಲಿಲ್ಲ."

ನಾವು ಹೇಳಿದ್ದು ನನ್ನ ನಾದಿನಿಗೆ ಮಾತ್ರ. ಆದರೆ ಆ ಗ್ರೂಪಿನಲ್ಲಿ ಅತ್ತೆಯೊಬ್ಬರನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು.

"ಕ್ಯಾನ್ಸರ್ ಯಾರಿಗೆ ಆಗೇದವಾ?" ಎಂದು ಕೇಳಿದರು.

ಅವರ ಕಾಲ ಬಳಿ ಕೂತು ಅತ್ತುಬಿಟ್ಟೆ. ಅಷ್ಟರಲ್ಲಿ ಧಾರವಾಡದಿಂದ ಯಾರದೋ ಫೋನ್ ಬಂತು, ಆ ಕಡೆಯೂ ಅಳು. ಅತ್ತೆ "ಇನ್ನೂ ಅದೀನಿ" ಎಂದಷ್ಟೇ ಹೇಳಿ ಇಟ್ಟರು.

ಸಂಜೆ ಗಂಡ ಆಫೀಸಿನಿಂದ ಬಂದರು. ಅತ್ತೆ ಬೈಯಲಿಲ್ಲ, ಅಳಲಿಲ್ಲ. ಬೈದಿದ್ದರೆ ನಮಗೆ ಎಷ್ಟೋ ಹಗುರಾಗುತ್ತಿತ್ತು.

"ಜನವರಿಯೊಳಗ ವಿಮಾನ ಹತ್ತಬಹುದಿತ್ತೇನೋ?" ಎಂದು ಮಗನನ್ನು ಕೇಳಿದರು.

ಗಂಡ ಹೌದೆಂದರು.

"ಈಗ?"

ಇಲ್ಲವೆಂದು ತಲೆಯಾಡಿಸಿದರು. ಅದರ ಹಿಂದಿನ ವಾರವೇ ಡಾಕ್ಟರ್ ಇನ್ನು ಆಗುವುದಿಲ್ಲ ಎಂದಿದ್ದರು.

"ಹೇಳಿದ್ರ ಹೋಗ್ತಿದ್ದೆ. ಅಕಿ ಮಾರಿ ನೋಡಿ ಬರ್ತಿದ್ದೆ." ಅಷ್ಟೇ.

ಅವರಿಗೆ ನೋವಾಗಬಾರದೆಂದು ಮುಚ್ಚಿಟ್ಟೆವು ಎಂದು ನಾವು ನಂಬಿದ್ದೆವು. ಈಗ ಅನಿಸುತ್ತಿದೆ, ಹೇಳುವ ಧೈರ್ಯ ನಮಗಿರಲಿಲ್ಲ. ಆ ಎರಡು ತಿಂಗಳು ಅವರದಾಗಿತ್ತು, ನಾವು ಕಿತ್ತುಕೊಂಡೆವು.

ಮರುದಿನ ಬೆಳಿಗ್ಗೆ ನಾನು ಸ್ಟೂಲ್ ಎಳೆದುಕೊಂಡು ಆ ಬಳ್ಳಿಯನ್ನು ತೆಗೆಯಲು ಹತ್ತಿದೆ. ಅತ್ತೆ ಸೋಫಾದಿಂದಲೇ ನೋಡುತ್ತಿದ್ದರು.

"ಇರ್ಲಿ ಬಿಡವಾ. ತಗದು ಮತ್ತ ಹಾಕೋದು ಯಾಕ?"

ಅದಾಗಿ ಇವತ್ತಿಗೆ ಒಂಬತ್ತು ದಿನ. ಸ್ಟೂಲ್ ಇನ್ನೂ ಅಲ್ಲೇ ಇದೆ... ನೀವಾದರೆ ಆ ಬಳ್ಳಿಯನ್ನು ತೆಗೆಯುತ್ತಿದ್ದಿರಾ?